ಸ್ಯಾಮ್ಸನ್ ಆಕಮ್ ಬೋಧಕರ ಚರಿತ್ರೆ

ಕರ್ತನ ಕೆಲಸಕ್ಕಾಗಿ ಸಭೆಗಳಿಂದ ಹಣವನ್ನು ಕೂಡಿಸುವದು ಅಪೊಸ್ತಲರ ಕಾಲದಿಂದ ನಡೆದು ಬಂದ ಸೇವೆಯಾಗಿದೆ. ಪೌಲನು ಮಕೆದೋನ್ಯದ ಬಡ ಸಭೆಗಳ ಧರ್ಮದ್ರವ್ಯವನ್ನು ಯೆರೂಸಲೇಮಿನ ದರಿದ್ರರಿಗೆ ಮುಟ್ಟಿಸುವದಕ್ಕೆ ಹೊರಟಾಗ, ತನ್ನ ಮೇಲೆ ಯಾರೂ ತಪ್ಪು ಹೊರಿಸದ ಹಾಗೆ ಸಭೆಗಳೇ ನೇಮಿಸಿದ ಸಹೋದರರನ್ನು ಜೊತೆಗೆ ಕರಕೊಂಡನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಿಂದ ತಿಳಿಯುತ್ತೇವೆ. ಈ ಸೇವೆಯಲ್ಲಿ ಎರಡು ಭಾಗಗಳುಂಟು. ಕೊಡುವದು ಒಂದು, ಕೊಟ್ಟದ್ದನ್ನು ಕೊಟ್ಟವರ ಉದ್ದೇಶಕ್ಕೆ ಸರಿಯಾಗಿ ನಡಿಸುವದು ಇನ್ನೊಂದು. ಮೊದಲನೆಯದರ ವಿಷಯವಾಗಿ ನಮ್ಮ ಸಭೆಗಳಲ್ಲಿ ಅನೇಕ ಪ್ರಸಂಗಗಳನ್ನು ಕೇಳುತ್ತೇವೆ; ಎರಡನೆಯದರ ವಿಷಯವಾಗಿ ಅಷ್ಟು ಕೇಳುವದಿಲ್ಲ. ಇವೆರಡನ್ನೂ ಒಬ್ಬ ಮನುಷ್ಯನ ಜೀವಮಾನದಲ್ಲಿಯೇ ನೋಡಬೇಕೆಂದಿರುವವರು ಸ್ಯಾಮ್ಸನ್ ಆಕಮ್ ಎಂಬ ಬೋಧಕರ ಚರಿತ್ರೆಯನ್ನು ಓದತಕ್ಕದ್ದು.

೧. ಹುಟ್ಟು ಮತ್ತು ಮನಸ್ತಿರುಗಿಕೆ

ಅಮೇರಿಕಾ ಖಂಡದ ಪೂರ್ವ ಕರಾವಳಿಯಲ್ಲಿ ಕನೆಕ್ಟಿಕಟ್ ಎಂಬ ಸೀಮೆಯುಂಟು. ಅದು ಈಗ ಸಂಯುಕ್ತ ಸಂಸ್ಥಾನಕ್ಕೆ ಸೇರಿದ್ದರೂ ಆ ಕಾಲದಲ್ಲಿ ಇಂಗ್ಲೆಂಡಿನ ಅರಸನ ಕೈಕೆಳಗಿತ್ತು. ಅಲ್ಲಿಯ ಮೂಲನಿವಾಸಿಗಳಲ್ಲಿ ಮೋಹಿಗನ್ ಎಂಬ ಕುಲದವರು ನ್ಯೂ ಲಂಡನ್ ಪಟ್ಟಣದ ಬಳಿಯಲ್ಲಿ ವಾಸಿಸುತ್ತಿದ್ದರು. ಬಿಳಿಯರು ಇಂಥ ಕುಲಗಳವರನ್ನೆಲ್ಲಾ ಇಂಡಿಯನರೆಂದು ಕರೆಯುತ್ತಿದ್ದರು. ಆದರೆ ಅವರಿಗೂ ನಮ್ಮ ದೇಶಕ್ಕೂ ಏನೂ ಸಂಬಂಧವಿರಲಿಲ್ಲ. ಮೊದಲು ಆ ಖಂಡಕ್ಕೆ ಬಂದ ಹಡಗಿನವರು ತಾವು ಹಿಂದೂದೇಶದ ದಿಕ್ಕಿಗೆ ಬಂದೆವೆಂದು ತಪ್ಪಾಗಿ ತಿಳಿದದ್ದರಿಂದ ಆ ಹೆಸರು ನಿಂತಿತು.

ಈ ಕುಲದಲ್ಲಿ ೧೭೨೩ನೇ ಇಸವಿಯಲ್ಲಿ ಸ್ಯಾಮ್ಸನ್ ಹುಟ್ಟಿದನು. ಆತನ ಹೆಸರು ಇಸ್ರಾಯೇಲ್ಯರ ನ್ಯಾಯಸ್ಥಾಪಕನಾದ ಸಂಸೋನನ ಹೆಸರೇ ಆಗಿದೆ. ತಂದೆತಾಯಿಗಳು ಕ್ರಿಸ್ತನನ್ನು ಅರಿಯದವರಾಗಿ, ಬೇಟೆಯಾಡಿ ಮೀನು ಹಿಡಿದು, ಒಂದು ಕಡೆಯಲ್ಲಿ ನಿಲ್ಲದೆ ಅಲೆಯುವ ಬಾಳನ್ನು ಬಾಳುತ್ತಿದ್ದರು. ಕಂಬಗಳನ್ನು ಬಗ್ಗಿಸಿ ಕಟ್ಟಿ ತೊಗಟೆಯನ್ನೂ ಚಾಪೆಯನ್ನೂ ಹೊದಿಸಿದ ಗುಡಿಸಲುಗಳೇ ಅವರ ಮನೆಗಳು. ಬೇಸಿಗೆಯಲ್ಲಿ ಹದಿನೈದು ದಿವಸಕ್ಕೊಮ್ಮೆ ಒಬ್ಬ ಬೋಧಕನು ಬಂದು ಪ್ರಸಂಗಿಸುತ್ತಿದ್ದನು. ಆದರೆ ಜನರು ಬೋಧನೆಗಾಗಿ ಕೂಡಿ ಬರದೆ, ಆಗಾಗ್ಗೆ ಹಂಚುತ್ತಿದ್ದ ಕಂಬಳಿಗಳಿಗಾಗಿಯೇ ಬರುತ್ತಿದ್ದರೆಂದು ಸ್ಯಾಮ್ಸನರೇ ತರುವಾಯ ಬರೆದಿಟ್ಟಿದ್ದಾರೆ. ಅಕ್ಷರ ಬಲ್ಲವನು ಆ ಊರಲ್ಲಿ ಒಬ್ಬನೂ ಇರಲಿಲ್ಲ.

ಆತನಿಗೆ ಹದಿನಾರು ಹದಿನೇಳು ವರುಷವಾದಾಗ ಆ ಸೀಮೆಯಲ್ಲೆಲ್ಲಾ ದೊಡ್ಡ ಉಜ್ಜೀವನವುಂಟಾಯಿತು. ಬೋಧಕರು ಊರಿಂದ ಊರಿಗೆ ತಿರುಗಿ ಬಯಲಲ್ಲಿಯೂ ಕಣಜದ ಮನೆಗಳಲ್ಲಿಯೂ ಪ್ರಸಂಗಿಸುತ್ತಿದ್ದರು. ಈ ಸುದ್ದಿಯು ಮೋಹಿಗನರ ಗುಡಿಸಲುಗಳಿಗೂ ಮುಟ್ಟಿತು. ಸ್ಯಾಮ್ಸನನು ಹೋಗಿ ಕೇಳಿದನು; ತನ್ನ ಪಾಪವನ್ನು ಕಂಡು ಆರು ತಿಂಗಳವರೆಗೆ ಮನಸ್ಸಿನಲ್ಲಿ ಬಹಳ ಕಳವಳಪಟ್ಟು, ಕಡೆಗೆ ಯೇಸು ಕ್ರಿಸ್ತನಲ್ಲಿ ಸಮಾಧಾನ ಹೊಂದಿದನು. ಆಗ ಆತನಲ್ಲಿ ಎರಡು ಆಸೆಗಳು ಹುಟ್ಟಿದವು. ದೇವರ ವಾಕ್ಯವನ್ನು ತಾನೇ ಓದಬೇಕೆಂಬದು ಒಂದು. ಓದು ಬಾರದ ತನ್ನ ಕುಲದವರಿಗೆ ಅದನ್ನು ಕಲಿಸಬೇಕೆಂಬದು ಮತ್ತೊಂದು. ಒಂದು ಅಕ್ಷರಮಾಲೆಯ ಪುಸ್ತಕವನ್ನು ಸಂಪಾದಿಸಿಕೊಂಡು, ನೆರೆಯ ಇಂಗ್ಲಿಷ್ ಮನೆಗಳಿಗೆ ಹೋಗಿ, ಅವರಿವರನ್ನು ಬೇಡಿಕೊಂಡು ಓದಲು ಕಲಿತನು.

೨. ವೀಲಾಕ್ ಬೋಧಕರ ಶಾಲೆಯಲ್ಲಿ

ಆ ಸೀಮೆಯ ಲೆಬನೋನ್ ಎಂಬ ಊರಲ್ಲಿ ಎಲಿಯಾಜರ್ ವೀಲಾಕ್ ಎಂಬ ಬೋಧಕರಿದ್ದರು. ಅವರು ತಮ್ಮ ಮನೆಯಲ್ಲಿ ಕೆಲವು ಇಂಗ್ಲಿಷ್ ಹುಡುಗರನ್ನು ಇಟ್ಟುಕೊಂಡು ದೊಡ್ಡ ವಿದ್ಯಾಶಾಲೆಗೆ ಸಿದ್ಧಮಾಡುತ್ತಿದ್ದರು. ಸ್ಯಾಮ್ಸನನ ತಾಯಿಯಾದ ಸಾರಳು ಮಗನಿಗೋಸ್ಕರ ಅವರ ಬಳಿಗೆ ಹೋಗಿ ಕೇಳಿಕೊಂಡಳು. ಒಂದೆರಡು ವಾರ ಓದಿಸಿದರೆ ಸಾಕೆಂಬದೇ ಆತನ ಅಪೇಕ್ಷೆಯಾಗಿತ್ತು. ವೀಲಾಕರಾದರೋ ಪ್ರೀತಿಯಿಂದ ಸೇರಿಸಿಕೊಂಡರು. ೧೭೪೩ನೇ ಇಸವಿಯ ದಶಂಬರದಲ್ಲಿ ಹೋದ ಇಪ್ಪತ್ತು ವರುಷದ ಯೌವನಸ್ಥನು ನಾಲ್ಕು ವರುಷ ಅಲ್ಲಿಯೇ ಉಳಿದು, ಇಂಗ್ಲಿಷಿನ ಸಂಗಡ ಲತೀನ, ಗ್ರೀಕ್, ಇಬ್ರಿಯ ಭಾಷೆಗಳನ್ನು ಅಭ್ಯಾಸಿಸಿದನು. ಮುಂದೆ ಕಾಲೇಜಿಗೆ ಹೋಗಬೇಕೆಂಬ ಯೋಚನೆಯಿತ್ತು. ಆದರೆ ಅತಿಯಾದ ಓದಿನಿಂದ ಕಣ್ಣು ಕೆಟ್ಟು, ಶರೀರವು ಬಲಹೀನವಾಗಿ, ಅದು ಕೈಗೂಡಲಿಲ್ಲ. ಸಾವಿರಾರು ಪೌಂಡು ಕೂಡಿಸಿ ಇತರರಿಗೆ ಕಾಲೇಜಿನ ಬಾಗಿಲನ್ನು ತೆರೆದ ಈ ಮನುಷ್ಯನು ತಾನು ಮಾತ್ರ ಒಂದು ಕಾಲೇಜಿನ ಹೊಸ್ತಿಲನ್ನೂ ವಿದ್ಯಾರ್ಥಿಯಾಗಿ ದಾಟಲಿಲ್ಲ.

ಈತನ ಬುದ್ಧಿಯನ್ನೂ ಭಕ್ತಿಯನ್ನೂ ನೋಡಿ ವೀಲಾಕರಲ್ಲಿ ಒಂದು ದೊಡ್ಡ ಆಲೋಚನೆ ಹುಟ್ಟಿತು. ಮೂಲನಿವಾಸಿಗಳ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟು ಅವರನ್ನೇ ಅವರ ಕುಲಗಳಿಗೆ ಸುವಾರ್ತಿಕರನ್ನಾಗಿ ಕಳುಹಿಸಬೇಕೆಂಬದೇ ಅದು. ಹೊರಗಿನವನು ಅನೇಕ ವರುಷಗಳಲ್ಲಿ ಕಲಿಯುವ ಭಾಷೆಯನ್ನು ಇವರು ತಾಯಿಯ ಹಾಲಿನೊಂದಿಗೆ ಕಲಿತಿರುತ್ತಾರೆ. ೧೭೫೪ರಲ್ಲಿ ಧರ್ಮಶಾಲೆಯು ಆರಂಭವಾಯಿತು. ಮೊದಲು ಬಂದವರು ಡೆಲವೇರ್ ಕುಲದ ಇಬ್ಬರು ಹುಡುಗರು. ಹೀಗೆ ಸ್ಯಾಮ್ಸನರೇ ಆ ಶಾಲೆಗೆ ಬೀಜದಂತೆ ಆದರು.

೩. ಮೊಂಟಾಕಿನ ಉಪದೇಶಿ

೧೭೪೯ರಲ್ಲಿ ಆಕಮರು ಲಾಂಗ್ ಐಲೆಂಡ್ ಎಂಬ ದ್ವೀಪದ ತುದಿಯಲ್ಲಿರುವ ಮೊಂಟಾಕ್ ಜನರ ಬಳಿಗೆ ಹೋಗಿ ಶಾಲೆಯನ್ನಿಟ್ಟರು. ದಿವಸಕ್ಕೆ ಶಾಲೆ, ಭಾನುವಾರ ಮೂರು ಹೊತ್ತು ಆರಾಧನೆ, ರೋಗಿಗಳ ಬಳಿಗೆ ಹೋಗುವದು, ವ್ಯಾಜ್ಯಗಳನ್ನು ತೀರಿಸುವದು, ಪತ್ರಗಳನ್ನು ಓದಿ ಬರೆದು ಕೊಡುವದು, ಇವೆಲ್ಲವೂ ಅವರ ಕೆಲಸವೇ. ಹಳ್ಳಿಯ ಉಪದೇಶಿಯ ಬಾಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಕ್ಷರಗಳನ್ನು ಬಾಯಲ್ಲಿ ಹೇಳಿದರೂ ಗುರುತು ಹಿಡಿಯಲಾರದ ಮಕ್ಕಳಿಗೆ ಅವರು ಒಂದು ಉಪಾಯ ಮಾಡಿದರು. ಕಾಗದದ ಚೂರುಗಳಲ್ಲಿ ಅಕ್ಷರಗಳನ್ನು ಬರೆದು, ದೇವದಾರಿನ ಸಣ್ಣ ಚೆಕ್ಕೆಗಳಿಗೆ ಅಂಟಿಸಿ, ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು. ಇಂಥ ಅಕ್ಷರವನ್ನು ತಕ್ಕೊಂಡು ಬಾ ಎಂದಾಗ ಮಗುವು ಓಡಿಹೋಗಿ ತರಬೇಕು. ಆಟದಂತೆ ಕಂಡ ಈ ಕ್ರಮದಿಂದ ಮಕ್ಕಳು ಬೇಗನೆ ಕಲಿತರು.

೧೭೫೧ರಲ್ಲಿ ಅವರು ಅದೇ ಕುಲದ ಮೇರಿ ಫೌಲರ್ ಎಂಬಾಕೆಯನ್ನು ಮದುವೆಯಾದರು. ಮಕ್ಕಳು ಹೆಚ್ಚುತ್ತಾ ಬಂದರು. ಸಂಬಳವು ಮಾತ್ರ ಹೆಚ್ಚಲಿಲ್ಲ. ಆದಕಾರಣ ಜೋಳ, ಆಲೂಗಡ್ಡೆ, ಅವರೆಗಳನ್ನು ಬಿತ್ತಿದರು, ಹಂದಿ ಸಾಕಿದರು, ಬೆಳಗಾಗುವ ಮುಂಚೆ ಮೀನಿಗೂ ಹಕ್ಕಿಗೂ ಹೋಗಿ ಶಾಲೆಯ ಹೊತ್ತಿಗೆ ಹಿಂದಿರುಗಿದರು. ರಾತ್ರಿಯಲ್ಲಿ ಮರದ ಸೌಟು, ಚಮಚ, ಕಡೆಯುವ ಪಾತ್ರೆ, ಬಂದೂಕಿನ ಹಿಡಿ ಇವುಗಳನ್ನು ಕೆತ್ತಿ ಮಾರಿದರು. ಇಂಗ್ಲಿಷರ ಹಳೇ ಪುಸ್ತಕಗಳಿಗೆ ರಟ್ಟು ಕಟ್ಟಿಕೊಟ್ಟರು. ೧೭೫೯ರಲ್ಲಿ ಲಾಂಗ್ ಐಲೆಂಡಿನ ಸಫೋಕ್ ಪ್ರೆಸ್ಬಿಟರಿಯವರು ಅವರನ್ನು ಪರೀಕ್ಷಿಸಿ, ಹಸ್ತಗಳನ್ನಿಟ್ಟು ಬೋಧಕ ಪಟ್ಟವನ್ನು ಕೊಟ್ಟರು. ಪಟ್ಟವು ಬಂದರೂ ಪಾತ್ರೆ ಕೆತ್ತುವದು ನಿಲ್ಲಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಹೇಳಬೇಕು. ಹನ್ನೆರಡು ವರುಷದ ಸೇವೆಗೆ ಬಾಸ್ಟನಿನ ಮಿಶನ್ ಮಂಡಳಿಯಿಂದ ಅವರಿಗೆ ಸಿಕ್ಕಿದ್ದು ಒಟ್ಟು ೧೮೦ ಪೌಂಡು, ಅಂದರೆ ವರುಷಕ್ಕೆ ೧೫ ಪೌಂಡು. ಅದೇ ಮಂಡಳಿಯವರು ಮದುವೆಯಾಗದ ಒಬ್ಬ ಬಿಳಿಯ ಮಿಶನೆರಿಗೆ ಒಂದೇ ವರುಷಕ್ಕೆ ೧೦೦ ಪೌಂಡು ಕೊಟ್ಟು, ಆತನ ದುಭಾಷಿಗೆ ೫೦, ಆತನನ್ನು ಜನರಿಗೆ ಪರಿಚಯಪಡಿಸುವವನಿಗೆ ೩೦ ಪೌಂಡು ಕೊಟ್ಟರು. ಒಬ್ಬನಿಗಾಗಿ ಒಂದು ವರುಷಕ್ಕೆ ಆದ ವೆಚ್ಚವು ಆಕಮರ ಹನ್ನೆರಡು ವರುಷದ ಸಂಬಳಕ್ಕೆ ಸರಿಯಾಯಿತು. ಆಕಮರಿಗೆ ದುಭಾಷಿಯೂ ಬೇಕಿರಲಿಲ್ಲ, ಪರಿಚಯಪಡಿಸುವವನೂ ಬೇಕಿರಲಿಲ್ಲ. ತಾನು ಬಡ ಇಂಡಿಯನನಾದದ್ದರಿಂದಲೇ ಹೀಗಾಯಿತೆಂದೂ ತನ್ನನ್ನು ಹಾಗೆ ಹುಟ್ಟಿಸಿದವನು ದೇವರೆಂದೂ ಅವರು ೧೭೬೮ರಲ್ಲಿ ಬರೆದ ಸ್ವಂತ ಚರಿತ್ರೆಯಲ್ಲಿ ತಿಳಿಸಿದ್ದಾರೆ. ಆದರೂ ಆ ಹನ್ನೆರಡು ವರುಷಗಳಲ್ಲಿ ಅವರು ಶಾಲೆಯ ಬಾಗಿಲನ್ನು ಮುಚ್ಚಲಿಲ್ಲ.

೪. ಸಮುದ್ರದಾಚೆಗೆ ಕಾಣಿಕೆಯ ಪ್ರಯಾಣ

ವೀಲಾಕರ ಧರ್ಮಶಾಲೆಯು ಬೆಳೆಯಿತು, ಖರ್ಚೂ ಬೆಳೆಯಿತು. ಸ್ವದೇಶದಲ್ಲಿ ಸಿಕ್ಕುವ ಹಣವು ಸಾಲದೆ ಹೋದದ್ದರಿಂದ ಬ್ರಿಟನಿನ ಸಭೆಗಳನ್ನು ಬೇಡಿಕೊಳ್ಳಬೇಕೆಂದು ನಿಶ್ಚಯಿಸಿದರು. ಶಾಲೆಯ ಫಲವನ್ನು ಬಾಯಿಮಾತಿನಲ್ಲಿ ವರ್ಣಿಸುವದಕ್ಕಿಂತ ಆ ಫಲವನ್ನೇ ಕಣ್ಣಿಗೆ ತೋರಿಸುವದು ಉತ್ತಮವೆಂದು ಆಕಮರನ್ನು ಆರಿಸಿದರು. ನಾರ್ವಿಚ್ ಊರಿನ ನಥಾನಿಯೇಲ್ ವಿಟಕರ್ ಬೋಧಕರು ಅವರ ಜೊತೆಗಾರರು. ಮನೆಯಲ್ಲಿ ಹೆಂಡತಿಯೂ ಚಿಕ್ಕ ಮಕ್ಕಳೂ ಇದ್ದರು. ತಾನು ಇಲ್ಲದಿರುವಾಗ ಅವರನ್ನು ಪರಾಮರಿಸುವದಾಗಿ ವೀಲಾಕರು ಕೊಟ್ಟ ಮಾತನ್ನು ನಂಬಿ ಆಕಮರು ೧೭೬೫ನೇ ದಶಂಬರ ೨೩ರಲ್ಲಿ ಬಾಸ್ಟನಿನಿಂದ ಹಡಗು ಹತ್ತಿದರು.

ಅವರು ಹೊರಡುವ ಮೊದಲೇ ಅಪವಾದವು ಹುಟ್ಟಿತ್ತು. ಮೋಹಿಗನರ ಭೂಮಿಯ ವಿಷಯವಾಗಿ ಸೀಮೆಯ ಸರಕಾರಕ್ಕೂ ಆ ಕುಲಕ್ಕೂ ಬಹುಕಾಲದಿಂದ ವ್ಯಾಜ್ಯವಿತ್ತು. ಆಕಮರು ತಮ್ಮ ಕುಲದವರ ಪಕ್ಷದಲ್ಲಿ ನಿಂತದ್ದರಿಂದ ದೊಡ್ಡವರ ಸಿಟ್ಟಿಗೆ ಗುರಿಯಾದರು. ಬಾಸ್ಟನಿನ ಕೆಲವರು ಇವರು ಮೋಹಿಗನ್ ಕುಲದವರೇ ಅಲ್ಲವೆಂದೂ ಕ್ರಿಸ್ತಮತಕ್ಕೆ ಈಚೆಗಷ್ಟೇ ತಿರುಗಿದವರೆಂದೂ ಇಂಗ್ಲೆಂಡಿಗೆ ಬರೆದರು. ಈ ಸುಳ್ಳಿಗೆ ಉತ್ತರವಾಗಿಯೇ ಆಕಮರು ತಮ್ಮ ಚರಿತ್ರೆಯನ್ನು ಬರೆಯಬೇಕಾಯಿತು.

೧೭೬೬ನೇ ಫೆಬ್ರುವರಿಯಲ್ಲಿ ಅವರು ಇಂಗ್ಲೆಂಡಿಗೆ ಮುಟ್ಟಿದರು. ಪ್ರಖ್ಯಾತ ಸುವಾರ್ತಿಕರಾದ ಜಾರ್ಜ್ ವಿಟ್‌ಫೀಲ್ಡರು ಲಂಡನಿನಲ್ಲಿ ಅವರನ್ನು ಅಂಗೀಕರಿಸಿ ದೊಡ್ಡವರ ಪರಿಚಯ ಮಾಡಿಸಿದರು. ಅವರ ಸಭೆಯ ಪ್ರಸಂಗಪೀಠದಲ್ಲಿಯೇ ಆಕಮರು ಮೊದಲು ಬೋಧಿಸಿದರು. ಆ ದಿವಸಗಳಲ್ಲಿ ಸಿಡುಬಿನ ಭಯವು ಬಹಳವಾಗಿದ್ದದರಿಂದ ಅವರು ಮಾರ್ಚಿಯಲ್ಲಿ ಅದಕ್ಕೆ ಚುಚ್ಚಿಸಿಕೊಂಡು ಕೆಲವು ವಾರ ಹಾಸಿಗೆಯಲ್ಲಿದ್ದರು. ಎದ್ದ ಮೇಲೆ ಪ್ರಯಾಣವು ಆರಂಭವಾಯಿತು.

ಊರಿಂದ ಊರಿಗೆ ಗಾಡಿಯಲ್ಲಿಯೂ ಕುದುರೆಯ ಮೇಲೆಯೂ ಹೋಗಿ, ರಾಜಸಭೆಯವರು, ಪ್ರೆಸ್ಬಿಟೀರಿಯನರು, ಸ್ವತಂತ್ರ ಸಭೆಗಳವರು, ಬ್ಯಾಪ್ಟಿಸ್ಟರು ಎಂಬ ಭೇದವಿಲ್ಲದೆ ಕರೆದವರೆಲ್ಲರ ಸಭೆಗಳಲ್ಲಿ ಪ್ರಸಂಗಿಸಿದರು. ಒಂದೂವರೆ ವರುಷದೊಳಗೆ ಅವರು ಮಾಡಿದ ಪ್ರಸಂಗಗಳು ೩೦೦ಕ್ಕೂ ಹೆಚ್ಚು. ಕಾಡಿನಿಂದ ಬಂದವನು ಹೇಗಿರುವನೆಂದು ಬರೀ ಕುತೂಹಲದಿಂದ ಬಂದವರೂ ಇದ್ದರು. ಲಂಡನಿನ ನಾಟಕಶಾಲೆಯವರು ಅವರ ನಡೆನುಡಿಗಳನ್ನು ಅಣಕಿಸಿ ಆಡಿದರೆಂದೂ ಕೇಳುತ್ತೇವೆ. ಆದರೆ ಆಕಮರು ಕಪ್ಪು ಅಂಗಿಯನ್ನು ತೊಟ್ಟು ಪೀಠದಲ್ಲಿ ನಿಂತು, ಸರಳವಾದ ಮಾತುಗಳಿಂದ ಕ್ರಿಸ್ತನನ್ನು ಸಾರಿ, ವಿದ್ಯೆಯೂ ವೇದವೂ ಇಲ್ಲದ ತಮ್ಮ ಜನರ ಸ್ಥಿತಿಯನ್ನು ವಿವರಿಸುವಾಗ ಕುತೂಹಲವು ಹೋಗಿ ಕನಿಕರವು ಬರುತ್ತಿತ್ತು.

ಅರಸನಾದ ಮೂರನೇ ಜಾರ್ಜನು ೨೦೦ ಪೌಂಡು ಕೊಟ್ಟನು. ಪ್ರಭುಗಳೂ ವರ್ತಕರೂ ತಮ್ಮ ತಮ್ಮ ಶಕ್ತಿಗೆ ಸರಿಯಾಗಿ ಕೊಟ್ಟರು. ಆದರೆ ನಿಧಿಯು ದೊಡ್ಡವರಿಂದ ಮಾತ್ರ ತುಂಬಲಿಲ್ಲ. ಹಳ್ಳಿಯ ಸಭೆಗಳೂ ಪಟ್ಟಣದ ಸಭೆಗಳೂ ಆರಾಧನೆಯ ಅಂತ್ಯದಲ್ಲಿ ಕಾಣಿಕೆಯನ್ನು ಎತ್ತಿದವು. ಕೊಟ್ಟವರ ಪಟ್ಟಿಯು ಊರೂರಿನ ಹೆಸರಿನೊಂದಿಗೆ ಅಚ್ಚಾಯಿತು. ೧೭೬೭ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಭೆಯ ಮಹಾಸಂಘವು ಅಪ್ಪಣೆ ಕೊಟ್ಟದ್ದರಿಂದ ಆ ದೇಶದ ಸಭೆಗಳಲ್ಲೆಲ್ಲಾ ಕಾಣಿಕೆಯನ್ನು ಕೂಡಿಸಿದರು. ಇಂಗ್ಲೆಂಡಿನಲ್ಲಿ ಸುಮಾರು ೯,೫೦೦, ಸ್ಕಾಟ್ಲೆಂಡಿನಲ್ಲಿ ಸುಮಾರು ೨,೫೦೦, ಅಂತು ಸುಮಾರು ೧೨,೦೦೦ ಪೌಂಡು ಕೂಡಿಬಂತು. ಆ ವರೆಗೆ ಅಮೇರಿಕಾದ ಯಾವ ವಿದ್ಯಾಶಾಲೆಗೂ ಬ್ರಿಟನಿನ ಸಭೆಗಳಿಂದ ಇಷ್ಟು ಹಣವು ಬಂದಿರಲಿಲ್ಲ.

ಈ ದ್ರವ್ಯವನ್ನು ಕಾಯುವದಕ್ಕೆ ಇಂಗ್ಲೆಂಡಿನಲ್ಲಿ ಧರ್ಮದರ್ಶಿಗಳನ್ನು ನೇಮಿಸಿದರು. ಡಾರ್ಟ್‌ಮತ್ ಪ್ರಭುಗಳು ಅವರ ಅಧ್ಯಕ್ಷರು; ಭಕ್ತಿವಂತ ವರ್ತಕರಾದ ಜಾನ್ ಥಾರ್ನ್‌ಟನ್ ಎಂಬವರು ಖಜಾಂಚಿ. ಸ್ಕಾಟ್ಲೆಂಡಿನ ಹಣವು ಕ್ರಿಸ್ತೀಯ ಜ್ಞಾನವನ್ನು ಹಬ್ಬಿಸುವ ಅಲ್ಲಿಯ ಸಂಘದ ಕೈಯಲ್ಲಿ ಉಳಿಯಿತು. ಈ ಎರಡು ಕೈಗಳ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು.

೫. ಮನೆಗೆ ಹಿಂದಿರುಗಿದಾಗ

ಎರಡು ವರುಷಕ್ಕಿಂತ ಹೆಚ್ಚಾಗಿ ಮನೆಯನ್ನು ಬಿಟ್ಟಿದ್ದ ಆಕಮರು ೧೭೬೮ರಲ್ಲಿ ಹಿಂದಿರುಗಿದರು. ತಮ್ಮ ಹೆಂಡತಿಯು ರೋಗದಿಂದಲೂ ಕೊರತೆಯಿಂದಲೂ ಬಳಲಿದ್ದನ್ನೂ ಮಕ್ಕಳು ಹೀನಸ್ಥಿತಿಯಲ್ಲಿರುವದನ್ನೂ ಕಂಡರು. ಹನ್ನೆರಡು ಸಾವಿರ ಪೌಂಡು ಕೂಡಿಸಿದವನ ಮನೆಯಲ್ಲಿ ಧಾನ್ಯಕ್ಕೆ ಸಾಲವಾಗಿತ್ತು. ಪರಾಮರಿಕೆಯ ಮಾತು ತಕ್ಕ ಹಾಗೆ ನೆರವೇರಿರಲಿಲ್ಲ. ತಾನು ಕೈಲಾದಷ್ಟು ಮಾಡಿದೆನೆಂದು ವೀಲಾಕರು ಎಣಿಸಿದರು; ಆಕಮರಿಗೆ ಹಾಗೆ ತೋರಲಿಲ್ಲ. ದೂರದ ಕುಲಗಳ ಬಳಿಗೆ ಮಿಶನ್ ಕೆಲಸಕ್ಕೆ ಹೊರಡಬೇಕೆಂದು ವೀಲಾಕರು ಒತ್ತಾಯಪಡಿಸಿದಾಗ, ಮನೆಯವರನ್ನು ಮತ್ತೊಮ್ಮೆ ಆ ಸ್ಥಿತಿಯಲ್ಲಿ ಬಿಟ್ಟು ಹೋಗುವದಕ್ಕೆ ಆಕಮರು ಒಪ್ಪಲಿಲ್ಲ. ಇಪ್ಪತ್ತೈದು ವರುಷದ ಗುರುಶಿಷ್ಯಭಾವವು ಹೀಗೆ ಸಡಿಲವಾಯಿತು.

ಇದರ ಮೇಲೆ ಇನ್ನೊಂದು ಅಪವಾದ ಬಂತು. ಅವರು ಮದ್ಯದಿಂದ ಅಮಲೇರಿದ್ದರೆಂದು ಸುದ್ದಿ ಹಬ್ಬಿತು. ಆಕಮರು ಅಡಗಿಸದೆ ತಾವೇ ೧೭೬೯ರಲ್ಲಿ ಪ್ರೆಸ್ಬಿಟರಿಯ ಮುಂದೆ ವಿಷಯವನ್ನು ಇಟ್ಟರು. ಹಿರಿಯರು ವಿಚಾರಿಸಿ, ದಿನವೆಲ್ಲಾ ಊಟವಿಲ್ಲದೆ ಇದ್ದು ಸ್ವಲ್ಪ ಕುಡಿದದ್ದರಿಂದ ಹಾಗಾಯಿತೆಂದು ಕಂಡು, ದೋಷವನ್ನು ಹೊರಿಸಲಿಲ್ಲ. ಆದರೆ ಸುದ್ದಿಯು ಹೋದ ಕಡೆಗೆಲ್ಲಾ ತೀರ್ಪು ಹೋಗಲಿಲ್ಲ.

೬. ಹಣವು ಹೋದ ದಾರಿ

ವೀಲಾಕರು ಈಗ ಶಾಲೆಯನ್ನು ಲೆಬನೋನಿನಿಂದ ಎಬ್ಬಿಸಿ, ಉತ್ತರದ ನ್ಯೂ ಹ್ಯಾಂಪ್‌ಶೈರ್ ಸೀಮೆಯ ಹ್ಯಾನೋವರ್ ಎಂಬ ಕಾಡುಸ್ಥಳದಲ್ಲಿ ಒಂದು ಕಾಲೇಜನ್ನು ಕಟ್ಟುವದಕ್ಕೆ ಯತ್ನಿಸಿದರು. ೧೭೬೯ನೇ ದಶಂಬರ ೧೩ರಲ್ಲಿ ಅರಸನ ಹೆಸರಿನಲ್ಲಿ ಸನ್ನದು ಸಿಕ್ಕಿತು. ಕಾಲೇಜಿಗೆ ಡಾರ್ಟ್‌ಮತ್ ಪ್ರಭುಗಳ ಹೆಸರನ್ನಿಟ್ಟರು. ಆದರೆ ಆ ಪ್ರಭುಗಳನ್ನಾಗಲಿ ಇಂಗ್ಲೆಂಡಿನ ಇತರ ಧರ್ಮದರ್ಶಿಗಳನ್ನಾಗಲಿ ಮುಂದಾಗಿ ಕೇಳಿಕೊಳ್ಳಲಿಲ್ಲ. ಅವರಿಗೆ ಇದರಿಂದ ಬಹಳ ಅಸಮಾಧಾನವಾಯಿತು. ಸನ್ನದಿನಲ್ಲಿ ಇಂಡಿಯನ್ ಕುಲಗಳ ಯೌವನಸ್ಥರ ಶಿಕ್ಷಣವನ್ನು ಮೊದಲು ಹೇಳಿ, ಇಂಗ್ಲಿಷ್ ಯೌವನಸ್ಥರನ್ನು ಕಡೆಯಲ್ಲಿ ಸೇರಿಸಿದ್ದರು. ಕಾಗದದಲ್ಲಿ ಕಡೆಯವರಾಗಿದ್ದವರು ಕಾರ್ಯದಲ್ಲಿ ಮೊದಲಿಗರಾದರು. ೧೭೭೧ರಲ್ಲಿ ಪ್ರಥಮ ಪದವಿಯನ್ನು ಹೊಂದಿದ ನಾಲ್ವರಲ್ಲಿ ಮೂಲನಿವಾಸಿಗಳು ಯಾರೂ ಇರಲಿಲ್ಲ. ವೀಲಾಕರ ಮಗನು ಇದ್ದನು.

ವೀಲಾಕರು ಹಣವನ್ನು ತಮ್ಮ ಭೋಗಕ್ಕಾಗಿ ಬಳಸಿದರೆಂದು ತಿಳಿಯಬಾರದು. ಅವರು ಕಾಡು ಕಡಿಸಿ ಮರದ ಗುಡಿಸಲಿನಲ್ಲಿ ವಾಸಿಸಿ ಬಹಳ ಕಷ್ಟಪಟ್ಟರು. ಅವರ ಶಾಲೆಯಿಂದ ಕಾಡಿಗೆ ಹೋದ ಮಿಶನ್‌ಗಳು ನೆಟ್ಟಗಾಗಿರಲಿಲ್ಲ. ಕೆಲವು ಹುಡುಗರು ರೋಗದಿಂದ ಸತ್ತರು. ಕೆಲವರಿಗೆ ಓದಿಗಿಂತ ಹೊಲದ ಕೆಲಸವೇ ಹೆಚ್ಚಾಯಿತೆಂದು ತಂದೆತಾಯಿಗಳು ಗುಣುಗುಟ್ಟಿ ಮಕ್ಕಳನ್ನು ಹಿಂದಕ್ಕೆ ಕರಕೊಂಡರು. ಇವುಗಳಿಂದ ಮನಗುಂದಿ, ಬಿಳಿಯ ಯೌವನಸ್ಥರನ್ನೇ ತಯಾರು ಮಾಡಿ ಮಿಶನೆರಿಗಳನ್ನಾಗಿ ಕಳುಹಿಸುವದು ಉತ್ತಮವೆಂದು ಅವರು ನಿರ್ಣಯಿಸಿದರು. ಒಳ್ಳೇ ಉದ್ದೇಶದ ಹಣವನ್ನು ಬೇರೊಂದು ಒಳ್ಳೇ ಉದ್ದೇಶಕ್ಕೆ ತಿರುಗಿಸಿದರೆ ದೋಷವಿಲ್ಲವೆಂದು ಅವರ ಮನಸ್ಸು ಒಡಂಬಟ್ಟಿತು. ಶೋಧನೆಯು ದೇವಭಕ್ತರ ಬಳಿಗೆ ಬರುವದು ಅನೇಕ ಸಾರಿ ಈ ವೇಷದಲ್ಲಿಯೇ. ಆದರೆ ಕೊಟ್ಟವರು ಕೊಟ್ಟದ್ದು ಆಕಮರ ಮುಖವನ್ನು ನೋಡಿ, ಅವರ ಕುಲಗಳ ಮಕ್ಕಳಿಗಾಗಿ.

೧೭೭೧ನೇ ಜುಲೈ ತಿಂಗಳಲ್ಲಿ ಆಕಮರು ತಮ್ಮ ಗುರುವಿಗೆ ಒಂದು ಪತ್ರ ಬರೆದರು. ತಾಯಿಯೆಂದು ನಂಬಿದ ವಿದ್ಯಾಶಾಲೆಯು ಬಿಳಿಯ ತಾಯಿಯಾಗಿ, ಕಪ್ಪು ಮಕ್ಕಳಿಗೆ ಹಾಲೂಡಿಸಲಾರದೆ ಹೋಗುವದೆಂಬ ಭಯವನ್ನು ಮುಚ್ಚದೆ ತಿಳಿಸಿದರು. ತಮ್ಮನ್ನು ಬಡ ಇಂಡಿಯನರ ಹೆಸರಿನಲ್ಲಿ ಸಮುದ್ರದಾಚೆಗೆ ಕಳುಹಿಸಿ, ಬಂದ ಹಣವನ್ನು ಬೇರೆಯವರಿಗೆ ವೆಚ್ಚಮಾಡಿದರೆ, ಕೊಟ್ಟ ಜನರು ತಮ್ಮನ್ನು ಮೋಸಗಾರನೆಂದು ಎಣಿಸುವರಲ್ಲಾ ಎಂಬದೇ ಅವರ ದುಃಖ. ಇಂಗ್ಲೆಂಡಿನಲ್ಲಿ ಜನರು ಹಾಗೆಂದು ಎಚ್ಚರಿಸಿದಾಗ ಗುರುವಿನ ಪರವಾಗಿ ನಿಂತವರು ಇವರೇ. ಆ ಪತ್ರದಿಂದ ಹಣವು ಹಿಂದಕ್ಕೆ ಬರಲಿಲ್ಲ. ೧೭೭೫ರೊಳಗೆ ಇಂಗ್ಲೆಂಡಿನ ನಿಧಿಯು ಭೂಮಿಗೂ ಕಟ್ಟಡಗಳಿಗೂ ವೆಚ್ಚವಾಗಿ ತೀರಿಹೋಯಿತು. ಆಕಮರು ಆ ಕಾಲೇಜಿನಲ್ಲಿ ಒಂದು ದಿವಸವೂ ಕಾಲಿಡಲಿಲ್ಲ.

ಸ್ಕಾಟ್ಲೆಂಡಿನ ಸಂಘದವರಾದರೋ ತಮ್ಮ ಕೈಯಲ್ಲಿದ್ದ ಮೂಲಧನವನ್ನು ಬಿಟ್ಟುಕೊಡಲಿಲ್ಲ. ಮೂಲನಿವಾಸಿಗಳ ಶಿಕ್ಷಣಕ್ಕೆಂದು ಸಭೆಗಳು ಕೊಟ್ಟದ್ದನ್ನು ಕಾಲೇಜಿನ ಕಟ್ಟಡಕ್ಕೆ ಕೊಡಲಾರೆವೆಂದು ನಿಂತರು. ಆದದರಿಂದ ಚಿಕ್ಕ ನಿಧಿಯು ಉಳಿಯಿತು, ದೊಡ್ಡ ನಿಧಿಯು ಕರಗಿತು. ಹಣದ ಮೊತ್ತವಲ್ಲ, ಕಾಯುವವರ ದೃಢತೆಯೇ ಅದನ್ನು ಉಳಿಸಿತು.

೭. ಕಡೆಯ ವರುಷಗಳು

ಇಷ್ಟು ಕಹಿಯನ್ನು ಉಂಡ ಮನುಷ್ಯನು ಸೇವೆಯನ್ನು ಬಿಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆಕಮರು ಬಿಡಲಿಲ್ಲ. ೧೭೭೨ನೇ ಸಪ್ಟಂಬರದಲ್ಲಿ ಮೋಸಸ್ ಪಾಲ್ ಎಂಬ ಮೂಲನಿವಾಸಿಯೊಬ್ಬನು ಅಮಲಿನಲ್ಲಿ ಕೊಲೆ ಮಾಡಿದ್ದಕ್ಕಾಗಿ ನ್ಯೂ ಹೇವನಿನಲ್ಲಿ ಮರಣದಂಡನೆಗೆ ಗುರಿಯಾದನು. ಆತನ ಬಿನ್ನಹದ ಪ್ರಕಾರ ಆಕಮರು ಆ ದಿವಸ ಪ್ರಸಂಗಿಸಿದರು. ದೊಡ್ಡ ಸಮೂಹದ ಮುಂದೆ ನಿಂತು, ಸಾಯಲಿಕ್ಕಿರುವವನನ್ನು ಕ್ರಿಸ್ತನ ಬಳಿಗೆ ಕರೆದು, ತಮ್ಮ ಕುಲದವರನ್ನು ಕುಡಿಕತನದಿಂದ ತಿರುಗಿರೆಂದು ಕಣ್ಣೀರಿನಿಂದ ಬೇಡಿಕೊಂಡರು. ಆ ಪ್ರಸಂಗವು ಅಚ್ಚಾಗಿ ಅನೇಕ ಮುದ್ರಣಗಳನ್ನು ಕಂಡಿತು. ೧೭೭೪ರಲ್ಲಿ ಅವರು ಕೀರ್ತನೆಗಳ ಪುಸ್ತಕವನ್ನು ಪ್ರಕಟಿಸಿದರು. ಲಂಡನಿನ ಥಾರ್ನ್‌ಟನರು ಅವರನ್ನು ಮರೆಯದೆ ಪತ್ರಗಳಿಂದಲೂ ಹಣದಿಂದಲೂ ಸಹಾಯ ಮಾಡಿದರು.

ತಮ್ಮ ಜನರಿಗೆ ಪರರ ಕಾಲೇಜಿನಲ್ಲಿ ಸ್ಥಳ ಸಿಕ್ಕದಿದ್ದರೆ, ತಮ್ಮದೇ ಆದ ಊರೊಂದು ಬೇಕೆಂದು ಅವರು ತಿಳಿದರು. ಮೋಹಿಗನ್, ಮೊಂಟಾಕ್, ನರಗಾನ್ಸೆಟ್ ಮುಂತಾದ ಕುಲಗಳ ಏಳು ನೆಲೆಗಳಿಂದ ಕ್ರೈಸ್ತರನ್ನು ಕೂಡಿಸಿ, ಒನೈಡ ಜನರು ೧೭೭೪ರಲ್ಲಿ ಕೊಟ್ಟ ಭೂಮಿಯಲ್ಲಿ ನೆಲೆಗೊಳಿಸಬೇಕೆಂದಿದ್ದರು. ಅಷ್ಟರಲ್ಲಿ ಅಮೇರಿಕಾದವರಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿತು. ಬಿಳಿಯರ ಆ ಜಗಳದಲ್ಲಿ ಸೇರಬೇಡಿರೆಂದು ಆಕಮರು ತಮ್ಮ ಜನರಿಗೆ ಬುದ್ಧಿ ಹೇಳಿದರು. ಯುದ್ಧವು ತೀರಿದ ಮೇಲೆ ೧೭೮೫ನೇ ನವಂಬರದಲ್ಲಿ ಬ್ರದರ್‌ಟೌನ್, ಅಂದರೆ ಸಹೋದರರ ಊರು, ಸ್ಥಾಪಿತವಾಯಿತು. ೧೭೮೯ರಲ್ಲಿ ಮನೆಯವರನ್ನೂ ಅಲ್ಲಿಗೆ ಕರಕೊಂಡು ಹೋದರು. ಅರುವತ್ತು ದಾಟಿದ ಮುದುಕರು ಕುದುರೆಯ ಮೇಲೆ ಊರೂರು ತಿರುಗಿ, ಗುಡಿಸಲುಗಳಲ್ಲಿ ಬೋಧಿಸಿ, ಸಣ್ಣ ಸಭೆಗಳನ್ನು ಕೂಡಿಸುತ್ತಿದ್ದರು. ೧೭೯೨ನೇ ಜುಲೈ ೧೪ರಲ್ಲಿ ಹತ್ತಿರದ ನ್ಯೂ ಸ್ಟಾಕ್‌ಬ್ರಿಜ್ ಎಂಬಲ್ಲಿ ತಮ್ಮ ೬೯ನೇ ವರುಷದಲ್ಲಿ ಕರ್ತನಲ್ಲಿ ನಿದ್ರೆಹೋದರು.

೮. ಆ ಮೇಲೆ ನಡೆದದ್ದು

ಕಾಲೇಜು ದೊಡ್ಡದಾಯಿತು. ೧೮೧೯ರಲ್ಲಿ ಸೀಮೆಯ ಸರಕಾರವು ಅದರ ಸನ್ನದನ್ನು ಬದಲಿಸಲು ಯತ್ನಿಸಿದ ವ್ಯಾಜ್ಯದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸನ್ನದನ್ನು ಮುರಿಯಕೂಡದೆಂದು ತೀರ್ಪು ಕೊಟ್ಟಿತು. ಧರ್ಮಸಂಸ್ಥೆಗೆ ದಾನಕೊಟ್ಟವರ ಚಿತ್ತವನ್ನು ಕಾಪಾಡಬೇಕೆಂಬ ಮಾತು ಆ ತೀರ್ಪಿನಲ್ಲಿಯೇ ಇದೆ. ಆದರೂ ಮೊದಲ ಇನ್ನೂರು ವರುಷಗಳಲ್ಲಿ ಅಲ್ಲಿಂದ ಪದವಿ ಪಡೆದ ಮೂಲನಿವಾಸಿಗಳು ಹತ್ತೊಂಬತ್ತು ಮಂದಿ ಮಾತ್ರ. ೧೯೭೦ರಲ್ಲಿ ಹೊಸ ಅಧ್ಯಕ್ಷರಾದ ಜಾನ್ ಕೆಮೆನಿಯವರು ಮೊದಲಿನ ಉದ್ದೇಶವನ್ನು ನೆರವೇರಿಸುವದಾಗಿ ಮಾತು ಕೊಟ್ಟರು. ಅಂದಿನಿಂದ ಮೂಲನಿವಾಸಿಗಳ ಮಕ್ಕಳು ನೂರಾರು ಮಂದಿ ಅಲ್ಲಿ ಓದಿದ್ದಾರೆ. ೨೦೨೨ನೇ ಏಪ್ರಿಲ್ ೨೭ರಲ್ಲಿ ಕಾಲೇಜಿನವರು ತಮ್ಮ ಬಳಿಯಲ್ಲಿದ್ದ ಆಕಮರ ಪತ್ರಗಳನ್ನೂ ದಿನಚರಿಗಳನ್ನೂ ಕನೆಕ್ಟಿಕಟಿಗೆ ತಂದು ಮೋಹಿಗನ್ ಕುಲದವರಿಗೆ ಒಪ್ಪಿಸಿದರು. ಇನ್ನೂರೈವತ್ತು ವರುಷಗಳ ತರುವಾಯವಾದರೂ ಸತ್ಯವು ತನ್ನ ಮನೆಗೆ ಬಂತು.

ಪ್ರಿಯ ವಾಚಕರೇ, ನಮ್ಮ ಸಭೆಗಳಲ್ಲಿಯೂ ಸುಗ್ಗಿಯ ಕಾಣಿಕೆ, ಹಿಡಿ ಅಕ್ಕಿ, ಶಾಲೆಗೆಂದೂ ಕಾಲೇಜಿಗೆಂದೂ ಎತ್ತುವ ವಿಶೇಷ ಕಾಣಿಕೆಗಳುಂಟು. ಆಕಮರ ಚರಿತ್ರೆಯನ್ನು ಓದಿ ಕೊಡುವ ಕೈಯನ್ನು ಮುಚ್ಚಿಕೊಳ್ಳಬಾರದು. ಕೊಟ್ಟವರ ಪ್ರೀತಿಯಲ್ಲಿ ಏನೂ ತಪ್ಪಿರಲಿಲ್ಲ, ಬಡ ವಿಧವೆಯ ಎರಡು ಕಾಸನ್ನು ಕಂಡ ಕರ್ತನು ಅದನ್ನೂ ಕಂಡಿದ್ದಾನೆ. ಆದರೆ ಕೊಟ್ಟ ಮೇಲೆ ಕೇಳುವದೂ ಲೆಕ್ಕವನ್ನು ಓದಿಸುವದೂ ಅವಿಶ್ವಾಸವಲ್ಲವೆಂದು ತಿಳಿಯಬೇಕು. ಪೌಲನೇ ಅದಕ್ಕೆ ಎಡೆಗೊಟ್ಟನು. ಸಭೆಯ ಹಣವನ್ನು ಹಿಡಿದಿರುವವರು, ಅದು ಯಾರ ಹೆಸರಿನಲ್ಲಿ ಬಂತೋ ಅವರ ಮಕ್ಕಳಿಗೆ ಮುಟ್ಟಿತೋ ಎಂದು ವರುಷಕ್ಕೊಮ್ಮೆಯಾದರೂ ತಮ್ಮನ್ನು ತಾವೇ ವಿಚಾರಿಸಿಕೊಳ್ಳಲಿ. ಕಾಣಿಕೆ ಕೂಡಿಸುವದಕ್ಕೆ ಊರೂರು ತಿರುಗುವ ಉಪದೇಶಿಯ ಮನೆಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ ಎಂಬದನ್ನೂ ಸಭೆಯ ಹಿರಿಯರು ನೋಡಲಿ. ಹೀಗೆ ನಡೆದರೆ, ಆ ನಂಬಿಗಸ್ತ ಸೇವಕನು ಪಟ್ಟ ದುಃಖವು ನಮ್ಮ ನಡುವೆ ಯಾವ ಸೇವಕನಿಗೂ ಬಾರದು.